ಬೆಲ್ಲದ ವಾಸನೆಯ ಕಾರು

"ಉಸ್ತಾದರೇ, ಮೋಸ ಮಾಡಿದವನ ಕೈ ಮುರಿದರೆ ತಪ್ಪೇ?"

ಕೇಳಿದವನು ದೊಡ್ಡಮಾದ. ಬೆಳಗಿನ ಸಾಮು ಮುಗಿದಿತ್ತು. ನಾವೆಲ್ಲ ಮೈಗೆ ಹತ್ತಿದ ಕೆಮ್ಮಣ್ಣು ಒರೆಸಿಕೊಳ್ಳುತ್ತಿದ್ದೆವು. ಅವನು ಒರೆಸಿಕೊಳ್ಳದೆ ಅಖಾಡದ ನಡುವೆ ನಿಂತೇ ಇದ್ದ. ಕಣ್ಣು ಕೆಂಪಾಗಿತ್ತು.

ನಮ್ಮದು ಹೊಳೆದಂಡೆಯ ಗರಡಿ. ಇಂಥ ಗರಡಿ ಸುತ್ತ ಏಳು ಹೋಬಳಿಯಲ್ಲಿ ಇನ್ನೊಂದಿಲ್ಲ. ಇದೆ ಎನ್ನುವವರು ಬಂದು ಅಖಾಡಕ್ಕೆ ಇಳಿಯಲಿ, ಆಮೇಲೆ ಮಾತಾಡೋಣ. ಇಲ್ಲಿ ದೊಡ್ಡಮಾದ ಎರಡನೆಯ ಪೈಲ್ವಾನ. ಮೊದಲನೆಯವನು ನಾನು. ಇದು ಜಂಬವಲ್ಲ, ಇದ್ದದ್ದು ಇದ್ದ ಹಾಗೆ ಹೇಳುವುದು. ಹೋದ ದಸರೆಯ ಪಂದ್ಯದಲ್ಲಿ ಅವನ ಬೆನ್ನಿಗೆ ಮಣ್ಣು ಮುಟ್ಟಿಸಿದವನು ನಾನೇ. ಸೋತ ಮೇಲೆ ಅವನು ಪೇಟೆಗೆ ಹೋಗಿ ಬೆಳ್ಳಿ ಬಣ್ಣದ ಫಾರಿನ್ ಕಾರು ತಂದ. ಹತ್ತು ವರ್ಷ ಹಳೆಯದು. ನಾನು ಬೈಕು ತಂದೆ. ಹೊಚ್ಚ ಹೊಸದು.

ಆ ಕಾರು ಈಗ ಬೈಪಾಸಿನ ಗ್ಯಾರೇಜಿನಲ್ಲಿ ಹೆಣದ ಹಾಗೆ ಬಿದ್ದಿತ್ತು. ಬೆಟ್ಟದ ಏರಿನಲ್ಲಿ ಹೊಗೆ ಕಾರಿ ನಿಂತದ್ದು ಮತ್ತೆ ಸದ್ದು ಮಾಡಿರಲಿಲ್ಲ. ಅವತ್ತು ಅವನ ಬೆನ್ನಿಗೇ ನಾನು ಬೈಕಿನಲ್ಲಿದ್ದೆ. ಹಾರ್ನ್ ಒತ್ತುತ್ತಲೇ ಇದ್ದೆ. ಅವನು ದಾರಿ ಬಿಡಲಿಲ್ಲ. ನಾನೂ ಬಿಡುವ ಜಾತಿಯವನಲ್ಲ.

ದೊಡ್ಡಮಾದ ತನ್ನ ಸಿಟ್ಟನ್ನೆಲ್ಲ ಅಲ್ಲೇ ಸುರಿದ. ಮೂರು ತಿಂಗಳ ಹಿಂದೆ ಆ ಗ್ಯಾರೇಜಿನ ಮೆಕ್ಯಾನಿಕ್ಕಿನ ಹತ್ತಿರವೇ ಆಯಿಲ್ ಬದಲಾಯಿಸಿದ್ದನಂತೆ. ಈಗ ಅವನೇ ಎಂಜಿನ್ ಸುಟ್ಟುಹೋಗಿದೆ ಎನ್ನುತ್ತಾನಂತೆ. ಹೊಸ ಎಂಜಿನ್ ಹಾಕಿಸುವ ದುಡ್ಡಿಗೆ ಇನ್ನೊಂದು ಕಾರೇ ಬರುತ್ತದಂತೆ. ಅದನ್ನು ಹೇಳುವಾಗ ಆ ಮನುಷ್ಯ ಎಲೆ ಅಡಿಕೆ ಜಗಿಯುತ್ತಿದ್ದನಂತೆ. ಸ್ಟೇರಿಂಗಿನ ಹಿಂದೆ ಕೆಂಪು ದೀಪ ಹತ್ತಿದ ಮೇಲೂ ಓಡಿಸಿದ್ದೀರಿ, ತಪ್ಪು ನಿಮ್ಮದೇ ಎಂದನಂತೆ.

"ದೀಪ ಅಂದಮೇಲೆ ಹತ್ತುತ್ತದೆ," ಎಂದ ದೊಡ್ಡಮಾದ. "ಹತ್ತಲಿ ಅಂತಲೇ ಅಲ್ಲವಾ ಇಟ್ಟಿರೋದು?"

ನಾವು ಒಂದಿಬ್ಬರು ನಕ್ಕೆವು. ಉಸ್ತಾದರು ನಗಲಿಲ್ಲ. ನಮಗೂ ನಗು ನಿಂತಿತು. ಯಾಕೆಂದರೆ ದೊಡ್ಡಮಾದ ಆಡಿದರೆ ಮಾಡುವವನೇ. ಅವನಿಗೆ ಒಬ್ಬ ಮನುಷ್ಯನ ಕೈ ಮುರಿಯುವುದು ಕಬ್ಬಿನ ಜಲ್ಲೆ ಮುರಿದಷ್ಟೇ. ಮುರಿದರೆ ಗ್ಯಾರೇಜಿನವನ ಅನ್ನ ಹೋಯಿತು. ದೊಡ್ಡಮಾದನ ಕುಸ್ತಿಯೂ ಹೋಯಿತು. ಅಖಾಡದ ಹೊರಗೆ ಕೈ ಎತ್ತಿದವನು ಮತ್ತೆ ಅಖಾಡಕ್ಕೆ ಇಳಿಯುವಂತಿಲ್ಲ. ನಮ್ಮ ಗರಡಿಯ ಕಟ್ಟು ಅದು. ಅದನ್ನು ಮುರಿದವರಿಗೆ ಉಸ್ತಾದರು ಹೊಸ್ತಿಲು ತೋರಿಸಿದ್ದನ್ನು ನಾವು ಕಂಡಿದ್ದೇವೆ.

ಉಸ್ತಾದ್ ನಿಂಗರಾಜಯ್ಯನವರು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ನಮ್ಮ ಉಸ್ತಾದರು ಪಟ್ಟು ಹಾಕಿ ಬೀಳಿಸಿದವರಿಗಿಂತ ಕತೆ ಹೇಳಿ ಬೀಳಿಸಿದವರೇ ಹೆಚ್ಚು. ಕಲ್ಲುಗುಂಡಿನ ಮೇಲೆ ಕೂತರು. ಕೂರು ಎಂದು ದೊಡ್ಡಮಾದನಿಗೆ ಕಣ್ಣಿನಲ್ಲೇ ಹೇಳಿದರು. ಅವನು ಕೂರಲಿಲ್ಲ. ಅವರು ಕತೆ ಶುರು ಮಾಡಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಸ್ವಂತ ಆಲೆಮನೆ, ಮಂಡಿಯಲ್ಲಿ ಅಂಗಡಿ. ಅವನ ಮೂಗು ಹೆಸರಾದದ್ದು. ಒಂದು ಅಚ್ಚು ಮುರಿದು ಮೂಸಿದರೆ ಸಾಕು, ಕಬ್ಬು ಯಾವ ನಾಲೆಯ ಬಯಲಿನದು, ಪಾಕ ಹದಕ್ಕೆ ಇಳಿಸಿದ್ದೋ ಸೀದದ್ದೋ, ಎಲ್ಲ ಹೇಳುತ್ತಿದ್ದ. ಅವನು ಮೂಸಿ ತಲೆಯಾಡಿಸಿದರೆ ಆ ದಿನದ ದರ ನಿಂತಿತು. ಬಣ್ಣ ನೋಡಿ ಬೆಲ್ಲ ಕೊಳ್ಳಬೇಡಿ, ಹಳದಿ ಹೊಳಪೆಲ್ಲ ಪುಡಿಯ ಹೊಳಪು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ.

ಅವನಿಗೆ ಒಬ್ಬ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಮೊಟ್ಟೆ ಮಾರುವವನು. ಮೊದಲು ಸೈಕಲ್ಲಿನಲ್ಲಿ ಮಾರಿದ, ಆಮೇಲೆ ಟೆಂಪೋದಲ್ಲಿ ಮಾರಿದ. ಒಂದು ಯುಗಾದಿಗೆ ಅವನು ಸಣ್ಣದೊಂದು ಬಿಳಿ ಕಾರಿನಲ್ಲಿ ಮಾವನ ಮನೆಗೆ ಬಂದ. ಹೊಸ ಕಾರು. ಅತ್ತೆ ಅದಕ್ಕೆ ಆರತಿ ಎತ್ತಿದರು. ಮಾವ ಅದರ ಮುಂದಿನ ಸೀಟಿನಲ್ಲಿ ಕೂತು ಊರು ಸುತ್ತಿ ಬಂದರು. ವ್ಯಾಪಾರಿ ಆಲೆಮನೆಯ ಹಳೆ ಜೀಪಿನಲ್ಲಿ ಬಂದಿದ್ದ. ಆ ಜೀಪನ್ನು ಯಾರೂ ತಿರುಗಿ ನೋಡಲಿಲ್ಲ. ಆ ದಿನ ಅವನಿಗೆ ಹೋಳಿಗೆ ಗಂಟಲಿನಿಂದ ಇಳಿಯಲಿಲ್ಲ.

ಮರುವಾರವೇ ಪೇಟೆಗೆ ಹೋದ. ದಲ್ಲಾಳಿಯೊಬ್ಬ ಕರಿ ಬಣ್ಣದ ದೊಡ್ಡ ಫಾರಿನ್ ಕಾರು ತೋರಿಸಿದ. ಸಣ್ಣ ಹೊಸ ಕಾರಿನ ಬೆಲೆಗೇ ಇದು ಬರುತ್ತದೆ ಎಂದ. ಒಬ್ಬ ಡಾಕ್ಟರು ಇಟ್ಟುಕೊಂಡಿದ್ದದ್ದು, ಭಾನುವಾರ ಬಿಟ್ಟರೆ ಹೊರಗೆ ತೆಗೆದದ್ದೇ ಇಲ್ಲ ಎಂದ. ವ್ಯಾಪಾರಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವವನು, ಸುಳಿ ನೋಡುವವನು, ಕೆಸರಿನಲ್ಲಿ ಗಾಡಿ ಎಳೆಸಿ ನೋಡುವವನು. ಕಾರು ಕೊಳ್ಳುವಾಗ ಸೀಟು ಸವರಿದ. ಬಾಗಿಲು ಹಾಕಿದ. ಬಾಗಿಲು ದಪ್ ಎಂದಿತು. ಷಡ್ಡಕನ ಕಾರಿನ ಬಾಗಿಲು ಟಪ್ ಎನ್ನುತ್ತಿತ್ತು, ತಗಡಿನ ಡಬ್ಬದ ಹಾಗೆ. ಇದು ದಪ್ ಎಂದಿತು. ಆ ಸದ್ದಿಗೇ ದುಡ್ಡು ಕೊಟ್ಟ. ಒಬ್ಬ ಮೆಕ್ಯಾನಿಕ್ಕನ್ನು ಕರೆದೊಯ್ದು ತೋರಿಸು ಎಂದು ಹೆಂಡತಿ ಹೇಳಿದ್ದಳು. ಬೆಲ್ಲ ಮೂಸುವವನು ಇನ್ನೊಬ್ಬನ ಮೂಗು ಸಾಲ ತರುತ್ತಾನೆಯೇ ಎಂದು ಅವಳ ಬಾಯಿ ಮುಚ್ಚಿಸಿದ್ದ.

ಬಣ್ಣ ನೋಡಿ ಬೆಲ್ಲ ಕೊಳ್ಳಬೇಡಿ ಎಂದವನು ಬಣ್ಣ ನೋಡಿ ಕಾರು ಕೊಂಡ.

ಕೆಲವು ತಿಂಗಳು ಕಾರು ಓಡಿತು. ಅತ್ತೆ ಆರತಿ ಎತ್ತಿದರು. ಮಾವ ಮುಂದಿನ ಸೀಟಿನಲ್ಲಿ ಕೂತರು. ಷಡ್ಡಕ ಬಂದು ಬಾನೆಟ್ಟು ಸವರಿ, ನಿಮ್ಮದು ಬಿಡಿ ಅಣ್ಣ, ಆನೆ ಎಂದ. ವ್ಯಾಪಾರಿಗೆ ಅವತ್ತು ಹೋಳಿಗೆ ಇಳಿಯಿತು.

ಆಮೇಲೆ ಕಾರಿನ ಮೂತಿಯಿಂದ ಸಿಹಿ ವಾಸನೆ ಬರತೊಡಗಿತು. ಕಾರು ನಿಂತ ಕಡೆ ನೆಲದ ಮೇಲೆ ಹನಿ. ಹನಿಯ ಸುತ್ತ ಇರುವೆ. ಬೇರೆ ಯಾರೇ ಆಗಿದ್ದರೂ ಇದೇನು ಎಂದು ಬಗ್ಗಿ ನೋಡುತ್ತಿದ್ದರು. ವ್ಯಾಪಾರಿ ಬೀಗಿದ. ನಮ್ಮ ಆಲೆಮನೆಯ ಘಮ ಕಾರಿಗೂ ಹತ್ತಿದೆ, ಮನೆದೇವರು ಒಪ್ಪಿಕೊಂಡಿದ್ದಾನೆ ಎಂದು ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಜನ ಬಂದು ಕಾರು ಮೂಸಿ ಹೋದರು. ಹೌದು ಎಂದರು. ಅವನ ಮೂಗಿಗೆ ಎದುರಾಡುವವರು ಯಾರು?

ಒಂದು ದಿನ ಸ್ಟೇರಿಂಗಿನ ಹಿಂದೆ ಒಂದು ದೀಪ ಹತ್ತಿತು. ಅದು ಆರದಿದ್ದಾಗ ಕಾರನ್ನು ಊರಿನ ಮೆಕ್ಯಾನಿಕ್ಕಿಗೆ ತೋರಿಸಿದ. ಆ ಮೆಕ್ಯಾನಿಕ್ ಕೆಲಸದಲ್ಲಿ ಗಟ್ಟಿ, ನಾಲಿಗೆಯಲ್ಲಿ ಇನ್ನೂ ಗಟ್ಟಿ. ಬಾನೆಟ್ಟು ಎತ್ತಿದ ಕೂಡಲೇ ಗಾಳಿ ಎಳೆದುಕೊಂಡು, ಇದು ಬೆಲ್ಲದ ಘಮವಲ್ಲ ಎಂದ. ಎಂಜಿನ್ ತಣ್ಣಗಿರಲಿ ಎಂದು ನೀರಿಗೆ ಬೆರೆಸುವ ಕೂಲೆಂಟಿನ ವಾಸನೆ ಅದು. ಸೋರಿದರೆ ಸಿಹಿಯಾಗಿ ನಾರುತ್ತದೆ. ಅದು ಹರಿಯುವ ಪೈಪು ಪ್ಲಾಸ್ಟಿಕ್ಕಿನದು. ಬಿಸಿ ಕುಡಿದು ಕುಡಿದು ಒಣ ಸೋಗೆಯಂತಾಗಿದೆ, ಮುಟ್ಟಿದರೆ ಪುಡಿ. ಆ ಪೈಪು ಎಂಜಿನ್ನಿನ ಹಿಂಬದಿಯಲ್ಲಿದೆ. ಅಲ್ಲಿಗೆ ಕೈ ಹೋಗಬೇಕಾದರೆ ಮುಂದಿನ ಅರ್ಧ ಕಾರನ್ನೇ ಬಿಚ್ಚಬೇಕು. ಆಯಿಲೂ ಜಿನುಗುತ್ತಿದೆ, ಒಳಗಿನ ಚೈನೂ ಸಡಿಲವಾಗಿದೆ, ಅವು ಇನ್ನೂ ಸ್ವಲ್ಪ ದಿನ ತಾಳುತ್ತವೆ, ಇದು ತಾಳುವುದಿಲ್ಲ ಎಂದ. ಆಮೇಲೆ ಖರ್ಚು ಹೇಳಿದ.

ವ್ಯಾಪಾರಿಯ ನೆತ್ತಿಗೆ ಬೆಂಕಿ ಹತ್ತಿತು.

"ಮೊಳದುದ್ದದ ಪೈಪಿಗೆ ಒಂದು ಜೊತೆ ಎತ್ತಿನ ದುಡ್ಡು ಕೇಳ್ತೀಯಾ? ಈ ಕಾರಿಗೆ ನಾನು ಎಷ್ಟು ಕೊಟ್ಟಿದೀನಿ ಗೊತ್ತೇನಯ್ಯ?"

"ಗೊತ್ತು ಯಜಮಾನ್ರೇ. ಕಾರಿನ ಬೆಲೆ ಇಳಿದಿದೆ, ಹೊಟ್ಟೆ ಇಳಿದಿಲ್ಲ. ಆನೆಗೆ ವಯಸ್ಸಾಯ್ತು ಅಂತ ಅದು ಆಡಿನ ಮೇವಿಗೆ ಒಪ್ಪುತ್ತಾ?"

ನಾನೇನೂ ಧರ್ಮಕ್ಕೆ ಕೂತಿಲ್ಲ ಎಂದೂ ಹೇಳಿದ ಮೆಕ್ಯಾನಿಕ್. ನನ್ನ ಕೂಲಿ ಜಾಸ್ತಿಯೇ, ಬೇಡವಾದರೆ ಬೇರೆ ಕಡೆ ಹೋಗಿ. ಆದರೆ ಒಂದು ಮಾತು ನೆನಪಿಟ್ಟುಕೊಳ್ಳಿ. ಹೀಟಿನ ಮುಳ್ಳು ಮೇಲೇರಿದರೆ ಇದ್ದಲ್ಲೇ ನಿಲ್ಲಿಸಿ. ಕಾಡಿದ್ದರೂ ಸರಿ, ಸುಡುಗಾಡಿದ್ದರೂ ಸರಿ. ಇನ್ನೊಂದು ಫರ್ಲಾಂಗು ಎಂದರೆ ಕಾರು ಹೋಯಿತು ಎಂದೇ ತಿಳಿಯಿರಿ.

ವ್ಯಾಪಾರಿ ಬಾಯಿಗೆ ಬಂದದ್ದು ಬೈದ. ಕಳ್ಳ ಎಂದ, ರಕ್ತ ಹೀರುವ ತಿಗಣೆ ಎಂದ. ಗ್ಯಾರೇಜಿನ ಗಿರಾಕಿಗಳೆಲ್ಲ ಕೇಳಿಸಿಕೊಂಡರು. ಮನೆಗೆ ಬಂದು ತಾನೇ ವೈದ್ಯನಾದ. ಆಲೆಮನೆಯ ಗಾಣದ ಎಂಜಿನ್ನಿಗೆ ಅವನ ಅಪ್ಪನ ಕಾಲದಿಂದಲೂ ಬಾವಿಯ ನೀರೇ. ಅದು ಒಂದು ದಿನವೂ ಕೆಮ್ಮಿರಲಿಲ್ಲ. ಕಾರಿಗೂ ದಿನಾ ಬೆಳಗ್ಗೆ ಒಂದು ಬಿಂದಿಗೆ ಬಾವಿ ನೀರು ಸುರಿಯತೊಡಗಿದ. ಆ ನೀರು ಗಡಸು, ಹಂಡೆಯ ತಳದಲ್ಲಿ ಸುಣ್ಣ ಕಟ್ಟುವಂಥದ್ದು. ಬೆಳಗ್ಗೆ ಹೊಯ್ದದ್ದು ಸಂಜೆಗೆ ಸೋರುತ್ತಿತ್ತು. ಸುಣ್ಣ ಮಾತ್ರ ಒಳಗೇ ಉಳಿಯುತ್ತಿತ್ತು.

ಆಯುಧಪೂಜೆ ಬಂತು. ಕಾರಿಗೆ ಕುಂಬಳಕಾಯಿ ಒಡೆದ, ಚೆಂಡು ಹೂವಿನ ಹಾರ ಹಾಕಿದ. ಸ್ಟೇರಿಂಗಿನ ಹಿಂದೆ ಹತ್ತಿಕೊಂಡೇ ಇದ್ದ ದೀಪದ ಮೇಲೆ ದಪ್ಪಗೆ ಗಂಧ ಮೆತ್ತಿ ನಡುವೆ ಕುಂಕುಮ ಇಟ್ಟ. ದೀಪ ಕಾಣದಾಯಿತು. ಹಬ್ಬ ಮುಗಿದ ಮೇಲೆ ಹೆಂಡತಿ ಒರೆಸಲು ಹೋದರೆ ಬೇಡವೆಂದ. ದೇವರಿಗೆ ಇಟ್ಟದ್ದು, ಇರಲಿ ಎಂದ.

ಮಾವನ ಅರವತ್ತರ ಶಾಂತಿ ಬಂತು. ವ್ಯಾಪಾರಿ ಜರಿ ಪಂಚೆ ಉಟ್ಟು, ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಮಾವನ ಊರಿಗೆ ಮೊದಲು ಒಂದು ದೊಡ್ಡ ಏರು. ಏರಿನ ಬುಡದಲ್ಲಿ ಕನ್ನಡಿಯೊಳಗೆ ಸಣ್ಣದೊಂದು ಬಿಳಿ ಚುಕ್ಕೆ ಕಂಡಿತು. ಷಡ್ಡಕನ ಕಾರು. ಅದೇ ಹೊತ್ತಿಗೆ ಹೀಟಿನ ಮುಳ್ಳು ಮೇಲೇರಿತು. ಕಾರಿನೊಳಗೆ ಟಿಣ್ ಟಿಣ್ ಎಂದು ಗಂಟೆ ಹೊಡೆಯತೊಡಗಿತು. ಸಿಹಿ ವಾಸನೆ ಒಳಗೆಲ್ಲ ತುಂಬಿ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ರೀ, ನಿಲ್ಲಿಸಿ. ಏನೋ ಕುದೀತಾ ಇದೆ."

"ಬಾಯಿ ಮುಚ್ಕೊಂಡು ಕೂತ್ಕೋ. ಮೊಟ್ಟೆಯವನು ಹಿಂದೇನೇ ಬರ್ತಾ ಇದಾನೆ. ಏರೊಂದು ಹತ್ತಲಿ."

ಮೆಕ್ಯಾನಿಕ್ ಹೇಳಿದ್ದು ಅವನಿಗೆ ಮರೆತಿರಲಿಲ್ಲ. ನಿಲ್ಲಿಸಿದ್ದರೆ ಒಂದು ಪೈಪಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ಆದರೆ ಅವನ ಕಣ್ಣ ಮುಂದೆ ಬೇರೆಯದೇ ಚಿತ್ರ ಬಂತು. ತಾನು ರಸ್ತೆಯ ಬದಿಯಲ್ಲಿ ಬಾನೆಟ್ಟು ಎತ್ತಿಕೊಂಡು ನಿಂತಿದ್ದೇನೆ. ಬಿಳಿ ಕಾರು ಪಕ್ಕದಲ್ಲೇ ಹಾದು ಮುಂದೆ ಹೋಗುತ್ತಿದೆ. ನಾದಿನಿ ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದಾಳೆ. ಎಂಜಿನ್ನಿಗಿಂತ ಮೊದಲು ಕುದ್ದವನು ಅವನು. ಗಂಟೆ ಕೇಳಿಸದಿರಲಿ ಎಂದು ಭಕ್ತಿಗೀತೆಯ ಸದ್ದು ಜೋರು ಮಾಡಿದ. ಕಾಲಡಿಯ ಆಕ್ಸಿಲರೇಟರನ್ನು ಇನ್ನಷ್ಟು ತುಳಿದ.

ಕೊನೆಯ ತಿರುವಿನಲ್ಲಿ, ಆಲೆಮನೆಯ ಕೊಪ್ಪರಿಗೆ ಬಿರಿದಂಥ ಸದ್ದಾಯಿತು. ಬಿಳಿ ಹಬೆ ಗಾಜು ಮುಚ್ಚಿತು. ಕಾರು ನಿಂತಿತು.

ಷಡ್ಡಕ ಮುಂದೆ ಹೋಗಲಿಲ್ಲ. ಕಾರು ನಿಲ್ಲಿಸಿ ಇಳಿದು ಬಂದ. ನಗಲಿಲ್ಲ. ನಕ್ಕಿದ್ದರೆ ವ್ಯಾಪಾರಿ ತಡೆದುಕೊಳ್ಳುತ್ತಿದ್ದ. ತನ್ನ ಡಿಕ್ಕಿಯಿಂದ ಹಗ್ಗ ತಂದು ಕಟ್ಟಿದ. ದಾರಿಹೋಕರಿಂದ ನೂಕಿಸಿ ಏರು ದಾಟಿಸಿದ. ನೀವು ಸುಮ್ಮನೆ ಸ್ಟೇರಿಂಗ್ ಹಿಡಿದುಕೊಳ್ಳಿ ಅಣ್ಣ, ಸಾಕು ಎಂದ. ಮೊಟ್ಟೆ ಮಾರುವವನ ಕಾರು ಆನೆಯನ್ನು ಎಳೆದುಕೊಂಡು ಮಾವನ ಊರಿಗೆ ಇಳಿಯಿತು. ಊರ ಬಾಗಿಲಿನಲ್ಲಿ ವಾಲಗದವರು ಕಾದಿದ್ದರು. ಹಗ್ಗ ಕಂಡು ಅವರಿಗೆ ಏನನ್ನಿಸಿತೋ, ವಾಲಗ ಶುರು ಮಾಡಿದರು. ವ್ಯಾಪಾರಿ ಸ್ಟೇರಿಂಗ್ ಹಿಡಿದುಕೊಂಡು ಆ ವಾಲಗದ ಹಿಂದೆ ಊರೆಲ್ಲ ಮೆರವಣಿಗೆಯಾದ.

ಕಾರು ಮತ್ತೆ ಮೆಕ್ಯಾನಿಕ್ಕಿನ ಗ್ಯಾರೇಜಿಗೆ ಬಂತು. ಅವನು ಬಿಚ್ಚಿ ನೋಡಿದ. ಎಂಜಿನ್ನಿನ ತಲೆ ಬಿಸಿಗೆ ಸೊಟ್ಟಗಾಗಿತ್ತು. ಒಳಗೆ ಪಿಸ್ಟನ್ನು ಕಚ್ಚಿಕೊಂಡಿತ್ತು. ನೀರಿನ ದಾರಿಯಲ್ಲೆಲ್ಲ ಸುಣ್ಣ. ಹೊಸ ಎಂಜಿನ್ನಿಗೆ ನೀವು ಕಾರಿಗೆ ಕೊಟ್ಟದ್ದಕ್ಕಿಂತ ಹೆಚ್ಚಾಗುತ್ತದೆ ಎಂದ. ಅವತ್ತೇ ಹೇಳಿದ್ದೆ ಎಂದೂ ಅಂದ. ಆ ಮಾತು ಅವನು ಆಡಬಾರದಿತ್ತು. ನಾಲಿಗೆ ಗಟ್ಟಿ ಇದ್ದವನು, ಆಡಿದ.

ವ್ಯಾಪಾರಿಗೆ ಈಗ ಯಾರ ಮೇಲಾದರೂ ಬೀಳಬೇಕಿತ್ತು. ದಲ್ಲಾಳಿಯ ಫೋನು ಸತ್ತಿತ್ತು. ಡಾಕ್ಟರು ಎಂಬುವವನು ಇದ್ದನೋ ಇಲ್ಲವೋ. ಕಾರು ಮಾಡಿದವರು ಏಳು ಸಮುದ್ರದ ಆಚೆ. ತನ್ನ ಮೇಲೇ ಬೀಳೋಣವೆಂದರೆ ಅದು ಅವನ ವಂಶದಲ್ಲೇ ಇರಲಿಲ್ಲ. ಮೆಕ್ಯಾನಿಕ್ ಹತ್ತಿರದಲ್ಲಿದ್ದ. ಬಾನೆಟ್ಟು ಎತ್ತಿದ ದಿನ ನೀನೇ ಏನೋ ಸಡಿಲ ಮಾಡಿದ್ದೀಯ ಎಂದ. ಮಂಡಿಯ ಇಬ್ಬರು ಹಮಾಲರನ್ನು ಕರೆಸಿದ. ಅವರು ಮೆಕ್ಯಾನಿಕ್ಕನ್ನು ಅದೇ ಕಾರಿನ ಹತ್ತಿರ ಎಳೆದು ತಂದು, ಅವನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು, ಬಾಗಿಲು ಹಾಕಿದರು.

ಬಾಗಿಲು ದಪ್ ಎಂದಿತು.

ಇಲ್ಲಿ ಉಸ್ತಾದರ ದನಿ ಇಳಿಯಿತು. ಸಿಟ್ಟು ಬಂದರೆ ನಮ್ಮ ಉಸ್ತಾದರ ದನಿ ಏರುವುದಿಲ್ಲ, ಇಳಿಯುತ್ತದೆ. ಇಳಿದ ದನಿಯಲ್ಲೇ ಉಳಿದದ್ದನ್ನು ಹೇಳಿದರು.

ಕೈ ಕೂಡಿಕೊಂಡಿತು. ಸ್ಪ್ಯಾನರ್ ಹಿಡಿಯುವಷ್ಟು ಕೂಡಿಕೊಳ್ಳಲಿಲ್ಲ. ಸುದ್ದಿ ಹಬ್ಬಿ ಆ ಸೀಮೆಯ ಯಾವ ಗ್ಯಾರೇಜಿನವನೂ ಆ ಕಾರಿನ ಬಾನೆಟ್ಟು ಮುಟ್ಟಲಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ತಿಳಿದಿದ್ದವನ ಕೈ ಮುರಿದಿತ್ತು. ಬಿಡಿಭಾಗಗಳನ್ನು ಗೋಣಿಚೀಲಕ್ಕೆ ತುಂಬಿಸಿ, ಕಾರನ್ನು ಬೆಲ್ಲದ ಗೋದಾಮಿಗೆ ತಂದು ನಿಲ್ಲಿಸಿದರು. ವ್ಯಾಪಾರಿ ಬಂದವರಿಗೆಲ್ಲ ದಲ್ಲಾಳಿಯನ್ನು ಬೈದ, ಮೆಕ್ಯಾನಿಕ್ಕನ್ನು ಬೈದ, ಫಾರಿನ್ನಿನವರನ್ನು ಬೈದ. ಜನ ಹೂಂ ಎಂದರು. ಕಾಫಿ ಕುಡಿದು ಹೋದರು.

ಮುಂದಿನ ಸುಗ್ಗಿಯಲ್ಲಿ ಮಂಡಿಗೆ ಬೆಲ್ಲ ಬಂತು. ವ್ಯಾಪಾರಿ ಒಂದು ಅಚ್ಚು ಮುರಿದು ಮೂಸಿ, ಪಾಕ ಸೀದಿದೆ, ದರ ಇಳಿಸು ಎಂದ. ಬೆಲ್ಲ ತಂದ ರೈತ ಗಾಡಿಯಿಂದ ಇಳಿಯಲೂ ಇಲ್ಲ.

"ಸರಿಯಾಗಿ ಮೂಸಿ ಯಜಮಾನ್ರೇ. ಇದು ಬೆಲ್ಲ, ಕಾರಲ್ಲ."

ಮಂಡಿಯೆಲ್ಲ ನಕ್ಕಿತು. ಹಮಾಲರೂ ನಕ್ಕರು. ಅವತ್ತಿನಿಂದ ಅವನ ಮೂಗಿಗೆ ದರ ನಿಲ್ಲಲಿಲ್ಲ.

ಕತೆ ಮುಗಿಯಿತು. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ದೊಡ್ಡಮಾದನ ಸಿಟ್ಟು ಇಳಿದಿರಲಿಲ್ಲ. ಅವನು ಅಷ್ಟು ಸುಲಭಕ್ಕೆ ಚಿತ್ ಆಗುವವನಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಕತೆಯ ಮೆಕ್ಯಾನಿಕ್ ಸಾಚಾ ಮನುಷ್ಯ ಉಸ್ತಾದರೇ," ಎಂದ. "ನನ್ನವನು ಕಳ್ಳ. ಅವನ ಬಿಲ್ಲು ನೋಡಿದರೆ ನಿಮಗೇ ಕೈ ಎತ್ತಬೇಕು ಅನ್ನಿಸುತ್ತದೆ. ಇವತ್ತು ನಾನು ಹೋಗುವುದೇ."

ಅಷ್ಟು ಹೇಳಿ ಹೊಸ್ತಿಲ ಕಡೆಗೆ ಹೆಜ್ಜೆ ಇಟ್ಟ. ನಾವು ತಡೆಯಬಹುದಿತ್ತು. ನಾನೊಬ್ಬನೇ ಸಾಕಿತ್ತು. ಆದರೆ ಉಸ್ತಾದರು ಎದ್ದು ನಿಂತಾಗ ನಮ್ಮ ಗರಡಿಯಲ್ಲಿ ಇನ್ನೊಬ್ಬರು ಅಲುಗಾಡುವ ಪದ್ಧತಿ ಇಲ್ಲ. ಅವರು ಹೋಗಿ ದೊಡ್ಡಮಾದನ ಬಲಗೈ ಹಿಡಿದುಕೊಂಡರು. ಪಟ್ಟು ಹಾಕಲಿಲ್ಲ. ಅಂಗೈ ಮೇಲೆ ಮಾಡಿ, ಅದಕ್ಕೆ ಹತ್ತಿದ್ದ ಕೆಮ್ಮಣ್ಣನ್ನು ತಮ್ಮ ಹೆಗಲ ವಸ್ತ್ರದಿಂದ ಒರೆಸಿದರು. ಬೆರಳು ಬೆರಳಿನ ಸಂದಿಯನ್ನೂ ಒರೆಸಿದರು. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಆ ಕೈಗೆ ಎಣ್ಣೆ ತಿಕ್ಕಿ ಬೆಳೆಸಿದವರು ಅವರೇ. ಒರೆಸಿದ ಮೇಲೆ ಕೈ ಬಿಟ್ಟರು. ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ದಾರಿಯನ್ನೂ ಬಿಟ್ಟರು.

ಆಮೇಲೆ ಅದೇ ಇಳಿದ ದನಿಯಲ್ಲಿ ಕೇಳಿದರು:

"ಅವನು ಕಳ್ಳನೇ ಇರಲಿ ಮಾದ, ಕೆಂಪು ದೀಪ ಹತ್ತಿದ ಮೇಲೂ ಏರು ಹತ್ತಿಸಿದೆಯಲ್ಲ, ಆಗ ನಿನ್ನ ಹಿಂದೆ ಬರುತ್ತಿದ್ದವನು ಯಾರು?"